ಟಬ್ಬು ಸಾಹೇಬರದು, ಹಿಂಬಾಗಿಲು ಯಾರದು?

ಕೆ.ಜಿ.ಎಫ್. ಬಂಗಲೆಯ 1952ರ ಬಚ್ಚಲುಮನೆಗೆ ಬಂಗಾರಪೇಟೆ ಷೆಡ್ಡಿನಲ್ಲಿ ಸೆಟ್ಟು ಹಾಕಿದ ಕಥೆ!

ಬೆಳ್ಳಿತೆರೆಯ ಮೇಲೆ ಬಾತ್‌ರೂಮ್ ಸೀನು ಬಂತು ಅಂದ್ರೆ ಗಾಂಧಿ ಕ್ಲಾಸಿನಿಂದ ಒಂದು ಶಿಳ್ಳೆ ಗ್ಯಾರಂಟಿ! ಸೋಪಿನ ನೊರೆ, ಮೇಲೇಳುವ ಹಬೆ, ನಾಯಕಿಯ ಗುನುಗು... ನಿಮ್ಮ ಕಣ್ಣು ಅಲ್ಲೇ ಅಂಟಿಕೊಂಡಿರುತ್ತೆ. ತಪ್ಪೇನಿಲ್ಲ ಬಿಡಿ, ವಯಸ್ಸೇ ಅಂಥದ್ದು. ಆದರೆ ಅಭಿಮಾನಿ ಮಿತ್ರರೇ, ಆ ನೊರೆಯ ಹಿಂದಿರೋ ಗೋಡೆ ನೋಡಿದ್ದೀರಾ? ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಆ ಕೋಣೆ ತೊಳೆದವರು ಯಾರು ಅಂತ ಒಂದು ಸಲವಾದರೂ ಕೇಳಿಕೊಂಡಿದ್ದೀರಾ?

ಅದನ್ನು ಕೇಳಿಕೊಳ್ಳೋದೇ ನನ್ನ ಹೊಟ್ಟೆಪಾಡು. ನಾನು ಕಲಾ ವಿಭಾಗದವನು. ಅರಮನೆ, ಜೈಲು, ಕೋರ್ಟು, ಗುಡಿ ಎಲ್ಲಕ್ಕೂ ಸೆಟ್ಟು ಹಾಕಿದ ಕೈ ಇದು. ಆದರೆ ಬಚ್ಚಲುಮನೆ ಸೆಟ್ಟಿನಷ್ಟು ತಲೆ ತಿನ್ನೋ ಕೆಲಸ ಇನ್ನೊಂದಿಲ್ಲ. ಕೋಣೆ ಚಿಕ್ಕದು, ನೀರು ನಿಜವಾದದ್ದು, ಗೋಡೆ ಹೊಳೆಯುತ್ತೆ, ಕನ್ನಡಿ ಎಲ್ಲವನ್ನೂ ಬಯಲು ಮಾಡುತ್ತೆ. ಅದರಲ್ಲೂ ಹಳೇ ಕಾಲದ ಬಚ್ಚಲು ಅಂದ್ರೆ, ಒಂದು ಪ್ಲಾಸ್ಟಿಕ್ ಮಗ್ಗು ಕಂಡರೂ ಸಾಕು, ಇಡೀ ಚಿತ್ರದ ಮರ್ಯಾದೆ ಮೋರಿ ಪಾಲು!

ಹಿಚ್‌ಕಾಕ್ ಸಾಹೇಬರ ಬಿಳಿ ಟೈಲು

ಬಾತ್‌ರೂಮಿಗೂ ಚಿತ್ರಕಲೆಗೂ ಏನು ಸಂಬಂಧ ಅಂತ ಮೂಗು ಮುರಿಯಬೇಡಿ. 1960ರಲ್ಲಿ ತೆರೆಗೆ ಬಂದ ಆಲ್ಫ್ರೆಡ್ ಹಿಚ್‌ಕಾಕ್‌ರ 'ಸೈಕೋ' ನೆನಪಿಸಿಕೊಳ್ಳಿ. ಜಗತ್ತಿನಲ್ಲೇ ಅತಿ ಹೆಚ್ಚು ಚರ್ಚೆಯಾದ ದೃಶ್ಯಗಳಲ್ಲಿ ಒಂದು ನಡೆಯೋದು ಮೋಟೆಲಿನ ಒಂದು ಪುಟ್ಟ ಬಚ್ಚಲಿನಲ್ಲಿ. ಜಾನೆಟ್ ಲೀ ಷವರ್ ಕೆಳಗೆ ನಿಂತಿದ್ದಾರೆ, ಪರದೆಯಾಚೆ ಒಂದು ನೆರಳು! ತೆರೆಯ ಮೇಲೆ ಒಂದು ನಿಮಿಷವೂ ಹಿಡಿಯದ ಆ ಕೊಲೆಗೆ ಷೂಟಿಂಗ್ ನಡೆದದ್ದು ಏಳು ದಿನ. ರಕ್ತ ಅಂತ ಹರಿದದ್ದು ಚಾಕೊಲೇಟ್ ಸಿರಪ್ಪು. ಕಪ್ಪು ಬಿಳುಪು ಚಿತ್ರ ತಾನೇ, ಯಾರಿಗೆ ಗೊತ್ತಾಗುತ್ತೆ?

ಆ ಕೊಲೆಗೆ ಹೆದರಿಕೆ ತುಂಬಿದ್ದು ಚಾಕು ಒಂದೇ ಅಲ್ಲ. ಗೋಡೆ ಪೂರ್ತಿ ಬೆಳ್ಳಗೆ, ಆಸ್ಪತ್ರೆಯಷ್ಟು ಶುಭ್ರ. ಅಡಗಿಕೊಳ್ಳಲು ಒಂದು ಮೂಲೆಯೂ ಇಲ್ಲ. ಅದೇ ಚಿತ್ರದಲ್ಲಿ ನಾಯಕಿ ಹರಿದ ಕಾಗದದ ಚೂರನ್ನು ಕಮೋಡಿಗೆ ಹಾಕಿ ಫ್ಲಷ್ ಎಳೀತಾಳೆ. ಅಮೆರಿಕದ ದೊಡ್ಡ ಚಿತ್ರಗಳು ಅದುವರೆಗೂ ತೋರಿಸಲು ನಾಚಿಕೊಳ್ಳುತ್ತಿದ್ದ ವಸ್ತು ಅದು. ಹಿಚ್‌ಕಾಕ್ ಸಾಹೇಬರು ಅದನ್ನೂ ಕಥೆಗೆ ದುಡಿಸಿಕೊಂಡರು. ಬಚ್ಚಲಿನ ಪ್ರತಿಯೊಂದು ಸಾಮಾನೂ ಒಂದು ಪಾತ್ರ ಅನ್ನೋ ಪಾಠ ನಾನು ಕಲಿತದ್ದು ಅಲ್ಲಿ.

ಗುಲಾಬಿ ಬಣ್ಣದ ಗುಂಗು

ಈಗ ನಮ್ಮ ಊರಿಗೆ ಬನ್ನಿ. ರಾಬರ್ಟ್‌ಸನ್‌ಪೇಟೆಯ ನಾಲ್ಕೈದು ಹುಡುಗರು ಒಂದು ಕಿರುಚಿತ್ರಕ್ಕೆ ಕೈ ಹಾಕಿದ್ದರು. ಕಾಲ 1952. ಜಾಗ ಕೆ.ಜಿ.ಎಫ್.ನ ಗಣಿ ಸಾಹೇಬರೊಬ್ಬರ ಬಂಗಲೆ. ಕಥೆ ಪತ್ತೇದಾರಿ. ಗಣಿಯಿಂದ ಕದ್ದ ಒಂದು ಬಂಗಾರದ ಗಟ್ಟಿ ಸಾಹೇಬರ ಬಚ್ಚಲುಮನೆಯಲ್ಲಿ ಸಿಗುತ್ತೆ. ಬಚ್ಚಿಟ್ಟವರು ಯಾರು? ಅಡಿಗೆಯವನೋ, ಬಟ್ಲರೋ, ಸಾಹೇಬರೋ, ದಿನಾ ಬೆಳಿಗ್ಗೆ ಬಂದು ಕಕ್ಕಸು ತೊಳೆಯೋ ಹೆಂಗಸೋ? ಮುಕ್ಕಾಲು ಚಿತ್ರ ಆ ಒಂದೇ ಕೋಣೆಯಲ್ಲಿ!

ನಿರ್ದೇಶಕ ಹುಡುಗ ಮೊಬೈಲು ಚಾಚಿದ. "ಅಣ್ಣ, ನಂಗೆ ಇಂಥ ಬಾತ್‌ರೂಮ್ ಬೇಕು. ವಿಂಟೇಜು!" ನೋಡಿದರೆ ಗುಲಾಬಿ ಟೈಲು, ಗುಲಾಬಿ ಟಬ್ಬು, ಗುಲಾಬಿ ಬೇಸಿನ್ನು. ಕಣ್ಣಿಗೆ ಹಬ್ಬ, ಒಪ್ಪೋಣ. ಆದರೆ ಅದು ಅಮೆರಿಕದ 1950ರ ದಶಕ. 1953ರಲ್ಲಿ ಅಧ್ಯಕ್ಷರಾದ ಐಸೆನ್‌ಹೋವರ್ ಅವರ ಹೆಂಡತಿ ಮೇಮಿಗೆ ಗುಲಾಬಿ ಬಣ್ಣ ಅಂದ್ರೆ ಪ್ರಾಣ. ಆ ಹುಚ್ಚು ಅಲ್ಲಿನ ಮನೆಮನೆಯ ಬಚ್ಚಲಿಗೂ ಹಬ್ಬಿತ್ತು. ನಮ್ಮ ಮಾರಿಕುಪ್ಪಂ ಕಡೆಗೆ ಆ ಗಾಳಿ ಬೀಸಿರಲಿಲ್ಲ.

"ತಮ್ಮ, ನಿನ್ನ ಕಥೆ ನಡೆಯೋದು ಊರ್ಗಾಂವಲ್ಲೋ, ಕ್ಯಾಲಿಫೋರ್ನಿಯಾದಲ್ಲೋ?" ಅಂದೆ. ಹುಡುಗ ನಕ್ಕ. ಕೆಲಸ ಶುರುವಾಯ್ತು.

ಪುಟ್ಟ ಇಂಗ್ಲೆಂಡು, ದೊಡ್ಡ ಗಣಿ

ಸೆಟ್ಟು ಹಾಕೋನು ಮೊದಲು ಊರು ಓದಬೇಕು. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಈ ನೆಲಕ್ಕೆ ಕೈ ಹಾಕಿದ್ದು 1880ರಲ್ಲಿ. 1894ಕ್ಕೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಬಂಗಾರಪೇಟೆಗೆ ಆಗ ಇದ್ದ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ. 1902ರಲ್ಲಿ ಶಿವನಸಮುದ್ರದ ಕರೆಂಟು ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ಬಂದು ಗಣಿಗೆ ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನೆನಪಿರಲಿ! ಕುಡಿಯೋ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ. ಕ್ಲಬ್ಬು, ಗಾಲ್ಫು, ಚರ್ಚು, ಬಂಗಲೆ... ಸಾಹೇಬರು ಇದನ್ನು 'ಲಿಟಲ್ ಇಂಗ್ಲೆಂಡ್' ಅಂತಲೇ ಕರೆದರು.

1952ರಲ್ಲಿ ಗಣಿ ಇನ್ನೂ ಕಂಪನಿ ಕೈಯಲ್ಲೇ ಇತ್ತು. ಮೈಸೂರು ಸರ್ಕಾರ ವಹಿಸಿಕೊಂಡದ್ದು 1956ರಲ್ಲಿ. ಸ್ವಾತಂತ್ರ್ಯ ಬಂದು ಐದು ವರ್ಷವಾದರೂ ಬಂಗಲೆಯಲ್ಲಿ ಸಾಹೇಬರು ಇದ್ದರು! ಹಾಗಾಗಿ ಬಚ್ಚಲೂ ಅರ್ಧ ಬಿಲಾಯತಿ, ಅರ್ಧ ನಾಟಿ. ಈ ಅರ್ಧಂಬರ್ಧವೇ ನನ್ನ ಸೆಟ್ಟಿನ ಜೀವಾಳ.

ಯಾವುದಿತ್ತು? ಯಾವುದಿರಲಿಲ್ಲ?

ಕಾಗದದ ಮೇಲೆ ಎರಡು ಪಟ್ಟಿ ಬರೆದೆ. ಮೊದಲು 'ಇರಲಿಲ್ಲ' ಪಟ್ಟಿ. ಪ್ಲಾಸ್ಟಿಕ್ ಬಕೆಟ್ ಇರಲಿಲ್ಲ. ಷಾಂಪೂ ಪ್ಯಾಕೆಟ್ಟು ಇರಲಿಲ್ಲ. ಗೋಡೆಗೆ ನೇತುಹಾಕೋ ಬಿಳೀ ಗೀಸರ್ ಇರಲಿಲ್ಲ. ನೆಲದಿಂದ ಸೂರಿನವರೆಗೆ ಬಣ್ಣಬಣ್ಣದ ಟೈಲ್ಸೂ ಇರಲಿಲ್ಲ. ಜಾನ್ಸನ್ ಕಂಪನಿ ಇಂಡಿಯಾದಲ್ಲಿ ಟೈಲು ತಯಾರಿಸಲು ನಿಂತದ್ದೇ 1958ರಲ್ಲಿ. ಅದಕ್ಕೆ ಮುಂಚೆ ಅಂಥ ಟೈಲು ಹೆಚ್ಚಾಗಿ ಹಡಗಿನಲ್ಲೇ ಬರುತ್ತಿತ್ತು. ಅಂಥದ್ದನ್ನು ಯಾವ ಕಂಪನಿ ತನ್ನ ಕಿರಿಯ ಎಂಜಿನಿಯರನ ಬಚ್ಚಲಿಗೆ ಮೆತ್ತುತ್ತೆ ಹೇಳಿ? ಆದ್ದರಿಂದ ನೆಲಕ್ಕೆ ಕೆಂಪು ಆಕ್ಸೈಡ್ ಗಾರೆ, ಗೋಡೆಗೆ ಸೊಂಟದೆತ್ತರ ಎಣ್ಣೆಬಣ್ಣ, ಮೇಲೆ ಸುಣ್ಣ. ಬೇಸಿನ್ನಿನ ಹಿಂದೆ ಮಾತ್ರ ಆರಿಂಚು ಚೌಕದ ಬಿಳಿ ಟೈಲು, ಎರಡೇ ಎರಡು ಸಾಲು.

ಇನ್ನು 'ಇತ್ತು' ಪಟ್ಟಿ. ಒಲೆ ಮೇಲೆ ಕೂತ ತಾಮ್ರದ ಹಂಡೆ, ಹಿತ್ತಾಳೆ ಚೊಂಬು, ಸತುವು ಲೇಪಿಸಿದ ತಗಡಿನ ಬಕೆಟ್ಟು. ಸಿಂಹಪಾದದ ಎರಕದ ಟಬ್ಬು. ಕಂದು ಬಣ್ಣದ ಗುಂಡು ಬೇಕಲೈಟ್ ಸ್ವಿಚ್ಚು, ಅದೂ ಬಾಗಿಲ ಹೊರಗೆ! ಗೋಡೆ ಮೇಲೆ ಮರದ ಪಟ್ಟಿಗೆ ಕ್ಲಿಪ್ಪು ಹೊಡೆದ ವೈರು. ತಗಡಿನ ಟೋಪಿ ಹಾಕಿಕೊಂಡ ಒಂದೇ ಒಂದು ಬಲ್ಬು. 1936ರಿಂದ ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ಸ್ ಇತ್ತಲ್ಲ, ಬಲ್ಬಿಗೆ ಯೋಚನೆಯಿಲ್ಲ.

ಷೆಲ್ಫಿನ ಮೇಲೆ? ಮೈಸೂರು ಸ್ಯಾಂಡಲ್ ಸೋಪು. ಆ ಸರ್ಕಾರಿ ಕಾರ್ಖಾನೆಯ ಕಥೆ ಶುರುವಾಗೋದು 1916ರಲ್ಲಿ. ಡಬ್ಬದ ಮೇಲೆ ಆನೆ ಸೊಂಡಿಲಿನ, ಸಿಂಹದ ಮೈಯ ಶರಭ. ಪಕ್ಕದಲ್ಲಿ ನಂಜನಗೂಡು ಹಲ್ಲುಪುಡಿ. ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಿಂದಲೇ ಇತ್ತು. ಮೇಮ್‌ಸಾಹೇಬರ ಕಡೆಗೆ ಒಂದು ಲಕ್ಸ್. ಲಕ್ಸ್ ಜಾಹೀರಾತಿನಲ್ಲಿ ಮುಖ ತೋರಿಸಿದ ಮೊದಲ ಭಾರತೀಯ ತಾರೆ ಯಾರು ಗೊತ್ತೇ? ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್, 1941ರಲ್ಲಿ! ಹಳೇ ವಾರಪತ್ರಿಕೆಯ ಜಾಹೀರಾತಿನ ಹಾಳೆಯೊಂದನ್ನು ಕನ್ನಡಿ ಪಕ್ಕ ಅಂಟಿಸೋಣ ಅಂತ ನಿರ್ದೇಶಕ ಹುಡುಗನೇ ಹೇಳಿದ. ಭೇಷ್ ಅಂದೆ.

ಬಂಗಾರಪೇಟೆಯ ಷೆಡ್ಡಿನಲ್ಲಿ

ನಿಜವಾದ ಬಂಗಲೆಯಲ್ಲೇ ಷೂಟ್ ಮಾಡಬಹುದಿತ್ತಲ್ಲ ಅಂತೀರಾ? ನಿಜವಾದ ಬಚ್ಚಲಿನೊಳಗೆ ನಟ, ಕ್ಯಾಮೆರಾ, ಲೈಟು, ಸೌಂಡಿನವನು ನಾಲ್ಕೂ ಹೊಕ್ಕರೆ ಉಸಿರಾಡಲು ಹೊರಗೆ ಹೋಗಬೇಕು! ಅದಕ್ಕೆ ಬಂಗಾರಪೇಟೆಯಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಖಾಲಿ ಅಕ್ಕಿಗಿರಣಿ ಷೆಡ್ಡು ಹಿಡಿದೆವು. ಜಂಕ್ಷನ್ ಊರು, ಬೆಂಗಳೂರಿನಿಂದ ಸಾಮಾನು ಬೆಳಿಗ್ಗೆ ರೈಲಿಗೆ ಹಾಕಿದರೆ ಮಧ್ಯಾಹ್ನದೊಳಗೆ ಕೈಯಲ್ಲಿ. ಸಂಜೆ ಹಸಿವಾದರೆ ಊರಿನ ಹೆಸರುವಾಸಿ ಬಿಳೀ ನೀರಿನ ಪಾನಿಪುರಿ! ಯೂನಿಟ್ಟಿನವರ ಗೊಣಗಾಟಕ್ಕೆ ಅದಕ್ಕಿಂತ ಒಳ್ಳೇ ಮದ್ದಿಲ್ಲ.

ಸೆಟ್ಟು ಹತ್ತಡಿ ಉದ್ದ, ಎಂಟಡಿ ಅಗಲ, ಹನ್ನೆರಡಡಿ ಎತ್ತರ. ಬಂಗಲೆ ಸೂರು ಎತ್ತರ ಇರಲೇಬೇಕು, ಇಲ್ಲದಿದ್ದರೆ ಆ ಒಂಟಿತನ ಬರೋದಿಲ್ಲ. ನೆಲಕ್ಕೆ ಎರಡಡಿ ಎತ್ತರದ ಮರದ ಅಟ್ಟಣೆ ಕಟ್ಟಿದೆವು. ಯಾಕೆ? ಟಬ್ಬಿನ ನೀರು ಕೆಳಗಿನ ಪೈಪಿಗೆ ಇಳಿದು ಹೊರಗೆ ಹೋಗಬೇಕಲ್ಲ! ನಾಲ್ಕು ಗೋಡೆಯಲ್ಲಿ ಎರಡು ಕಳಚೋ ಗೋಡೆ. ಕ್ಯಾಮೆರಾ ಎಲ್ಲಿ ನಿಲ್ಲುತ್ತೋ ಆ ಗೋಡೆ ಎತ್ತಿಡೋದು, ಶಾಟ್ ಮುಗಿದ ಮೇಲೆ ಮತ್ತೆ ಸಿಕ್ಕಿಸೋದು.

ಟಬ್ಬು? ನಿಜವಾದ ಎರಕದ ಟಬ್ಬು ನೂರು ಕೆ.ಜಿ.ಗೂ ಮಿಗಿಲು, ಅಟ್ಟಣೆ ಮುರಿದೀತು. ಫೈಬರಿನಲ್ಲಿ ಅಚ್ಚು ಹೊಯ್ದು, ಕಾಲಿಗೆ ಕಬ್ಬಿಣದ ಬಣ್ಣ ಹೊಡೆದೆವು. ನಲ್ಲಿ ಮಾತ್ರ ಅಸಲಿ ಹಿತ್ತಾಳೆ, ಶಿವಾಜಿನಗರದ ಗುಜರಿಯಿಂದ. ಯಾಕೆ ಅಸಲಿ? ನಟ ಮುಟ್ಟೋ ವಸ್ತು ನಕಲಿಯಾದರೆ ಅವನ ಕೈಯೇ ಸುಳ್ಳು ಹೇಳಿಬಿಡುತ್ತೆ. ದೂರದಿಂದ ಕಾಣೋದು ಏನಾದರೂ ಆಗಲಿ, ಮುಟ್ಟೋದು ನಿಜವಾಗಿರಲಿ. ಇದು ನಮ್ಮ ಕಸುಬಿನ ಮೊದಲ ಸೂತ್ರ.

ಆಮೇಲೆ ಹೊಸದನ್ನು ಹಳೇದು ಮಾಡೋ ಮ್ಯಾಜಿಕ್ಕು. ಬೇಸಿನ್ನಿನ ಒಳಗೆ ಗಟ್ಟಿ ಟೀ ಡಿಕಾಕ್ಷನ್ ಸವರಿ ಒಣಗಿಸಿದರೆ ಹಳದಿ ಕಲೆ. ಹಿತ್ತಾಳೆ ನಲ್ಲಿ ಸೋರೋ ಕಡೆ ತೆಳ್ಳಗೆ ಹಸಿರು ನೀಲಿ ಗೆರೆ. ಕೋಲಾರದ ಕಡೆಯ ನೀರಿನ ಗಡಸುತನ ಗೊತ್ತಲ್ಲ, ಹಂಡೆ ಬಾಯಿಗೆ ಸುಣ್ಣದ ಬಿಳಿ ಪದರ. ಹೊಗೆ ಹಿಡಿದ ಸೂರಿಗೆ ಮಸಿ. ಎಣ್ಣೆಬಣ್ಣದ ಗೋಡೆ ಲೈಟಿಗೆ ಫಳಫಳ ಹೊಳೆದು ಛಾಯಾಗ್ರಾಹಕನ ಪ್ರಾಣ ತೆಗೆದಾಗ ಒದ್ದೆ ಬಟ್ಟೆಗೆ ಸೋಪು ಹಚ್ಚಿ ಗೋಡೆಗೆ ಸವರಿದೆವು, ಹೊಳಪು ಮಾಯ!

ಹಬೆಯದ್ದು ಇನ್ನೊಂದು ತಮಾಷೆ. ಪ್ರೊಡಕ್ಷನ್ ಹುಡುಗ ಡ್ರೈ ಐಸ್ ತರ್ತೀನಿ ಅಂದ. ಬೇಡಪ್ಪಾ ಅಂದೆ. ಡ್ರೈ ಐಸಿನ ಹೊಗೆ ತಣ್ಣಗೆ, ಭಾರ. ನೆಲದ ಮೇಲೇ ಹರಿಯುತ್ತೆ. ಅದು ಪೌರಾಣಿಕ ಚಿತ್ರದ ದೇವಲೋಕಕ್ಕೆ ಸರಿ, ಬಚ್ಚಲಿಗಲ್ಲ! ಬಿಸಿನೀರಿನ ಹಬೆ ಮೇಲಕ್ಕೆ ಏಳಬೇಕು. ನಿಜವಾದ ಕುದಿನೀರು ಇಟ್ಟರೆ ಲೆನ್ಸಿಗೇ ಮಂಜು ಕಟ್ಟುತ್ತೆ. ಹಂಡೆ ಹಿಂದೆ ಪುಟ್ಟ ಫಾಗ್ ಮೆಷಿನ್ ಬಚ್ಚಿಟ್ಟು, ಕೆಳಗಿನಿಂದ ಒಂದು ಫ್ಯಾನು ಹಾಕಿ ಮೇಲಕ್ಕೆ ಊದಿದೆವು.

ಹಿಂಬಾಗಿಲಿನ ಜಗಳ

ಇಷ್ಟೆಲ್ಲ ಆದ ಮೇಲೆ ಬಂತು ನೋಡಿ ಅಸಲಿ ತಕರಾರು. ನನ್ನ ನಕ್ಷೆಯಲ್ಲಿ ಮೊದಲ ದಿನದಿಂದಲೂ ಟಬ್ಬಿನ ಎದುರು ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು ಇತ್ತು. ಹೊರಗಿನಿಂದ ತೆರೆಯೋದು, ಹಿತ್ತಿಲಿಗೆ ಹೋಗೋದು. ಅದರ ಪಕ್ಕದಲ್ಲೇ ಮರದ ಪೆಟ್ಟಿಗೆಯಂಥ ಕಮೋಡು. ಮೇಲೆ ಮುಚ್ಚಳ, ಒಳಗೆ ಎನಾಮೆಲ್ ಪಾತ್ರೆ. ಸಾಹೇಬರು ಇದನ್ನು ತಮಾಷೆಗೆ 'ಥಂಡರ್ ಬಾಕ್ಸ್' ಅಂತಿದ್ದರು. ತಮಾಷೆ ಕೂತವರಿಗೆ. ಆ ಪಾತ್ರೆ ಎತ್ತಿಕೊಂಡು ಹೋಗಿ ಬರಿದು ಮಾಡಿ, ತೊಳೆದು ತಂದಿಡೋರಿಗೆ ತಮಾಷೆ ಎಲ್ಲಿಂದ ಬರಬೇಕು?

ಬ್ರಿಟಿಷ್ ಕಾಲದ ಬಂಗಲೆಗಳ ಬಚ್ಚಲಿಗೆ ಹೀಗೆ ಹೊರಗಿನಿಂದ ಒಂದು ಬಾಗಿಲು ಇರೋದು ಮಾಮೂಲು. ನೀರು ತರೋರು, ಕಕ್ಕಸು ತೊಳೆಯೋರು ಮನೆಯೊಳಗೆ ಕಾಲಿಡದೆ ಬಂದು ಹೋಗಲಿ ಅಂತ. ಗೋಡೆ ಬುಡದಲ್ಲಿ ನೀರು ಹೋಗೋ ಮೋರಿ ತೂತು. ಕಿಪ್ಲಿಂಗನ ಕಥೆಯಲ್ಲಿ ಮುಂಗುಸಿ ರಿಕ್ಕಿ ಟಿಕ್ಕಿ ಟಾವಿಯ ವೈರಿ ನಾಗರಹಾವು ಬಂಗಲೆಗೆ ನುಗ್ಗೋದು ಅಂಥ ತೂತಿನಿಂದಲೇ. ಹಾವಿಗೂ ಈ ಜನಕ್ಕೂ ಒಂದೇ ಗೋಡೆಯಲ್ಲಿ ದಾರಿ!

ನಿರ್ದೇಶಕ ಹುಡುಗನಿಗೆ ಹಿಂಬಾಗಿಲು ಹಿಡಿಸಲಿಲ್ಲ. "ಅಣ್ಣ, ಅದು ಫ್ರೇಮ್‌ನಲ್ಲಿ ಬಂದ್ರೆ ಗ್ಲಾಮರ್ರೇ ಹೋಯ್ತು. ಅಲ್ಲಿ ಒಂದು ಕಲರ್ ಗ್ಲಾಸ್ ಕಿಟಕಿ ಇಡೋಣ. ಜನಕ್ಕೆ ಹಳೇ ಕಾಲ ಅಂದ್ರೆ ಚಂದ ಇರಬೇಕು."

"ಚಂದ ಇಡೋಣ ತಮ್ಮ. ಆದರೆ ನಿನ್ನ ಕಥೆಯಲ್ಲಿ ಆ ಹೆಂಗಸು ಎಲ್ಲಿಂದ ಬರ್ತಾಳೆ? ಮುಂಬಾಗಿಲಿಂದ, ಸಾಹೇಬರ ಹಾಲು ದಾಟಿಕೊಂಡು ಬರ್ತಾಳಾ?"

ಹುಡುಗ ಸುಮ್ಮನಾದ.

ಮಾತಿನಲ್ಲಿ ಗೆದ್ದರೆ ಸಾಲದು. ಮಾರನೇ ದಿನ ಅವನನ್ನು ಅದೇ ಮಾರಿಕುಪ್ಪಂ ರೈಲಿಗೆ ಹತ್ತಿಸಿಕೊಂಡು ಹೋದೆ. ಹಳೇ ಲೈನ್ ಮನೆಯೊಂದರಲ್ಲಿ ಒಬ್ಬ ಅಜ್ಜಿ, ವಯಸ್ಸು ಎಂಬತ್ತು ದಾಟಿರಬೇಕು. ಅರ್ಧ ತೆಲುಗು, ಅರ್ಧ ಕನ್ನಡ. ಹುಡುಗ ಕೇಳಿದ, "ಅವ್ವಾ, ಆ ಬಂಗಲೆಗಳು ಒಳಗೆ ಹೆಂಗಿದ್ವು?"

ಅಜ್ಜಿ ಎಲೆಅಡಿಕೆ ಕೆನ್ನೆಗೆ ತಳ್ಳಿ ಹೇಳಿದಳು. "ನಂಗೇನು ಗೊತ್ತಪ್ಪಾ? ನಮ್ಮಮ್ಮ ಅಷ್ಟು ವರ್ಷ ಹೋದಳು, ಬಾತ್‌ರೂಮು ಬಿಟ್ಟು ಬೇರೆ ಕೋಣೆ ನೋಡಿಲ್ಲ. ದೊರೆಸಾನಿ ಮುಖಾನೂ ನೋಡಿಲ್ಲ. ಸೋಪಿನ ವಾಸನೇಲಿ ಗೊತ್ತಾಗೋದಂತೆ, ಇವತ್ತು ಅಮ್ಮನೋರು ಮನೇಲವ್ರೆ, ಇಲ್ಲ ಅಂತ."

ವಾಪಸು ಬರುವಾಗ ಹುಡುಗ ರೈಲಿನ ಬಾಗಿಲಲ್ಲಿ ನಿಂತವನು ಬಂಗಾರಪೇಟೆ ಬರೋವರೆಗೂ ಬಾಯಿ ಬಿಡಲಿಲ್ಲ.

ಕೆ.ಜಿ.ಎಫ್.ನ ಅಸಲಿ ಹೀರೋ

ರಾಕಿ ಭಾಯ್ ನಿಮಗೆಲ್ಲ ಗೊತ್ತು. ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್.' 2018ರ ಡಿಸೆಂಬರ್ 21ಕ್ಕೆ ಬಂತು, ಎರಡನೇ ಭಾಗ 2022ರ ಏಪ್ರಿಲ್ 14ಕ್ಕೆ. ಯಶ್ ಅವರ ನಡಿಗೆಗೆ ದೇಶವೇ ಶಿಳ್ಳೆ ಹೊಡೆಯಿತು. ಕಲಾ ನಿರ್ದೇಶಕ ಶಿವಕುಮಾರ್ ಮತ್ತು ಛಾಯಾಗ್ರಾಹಕ ಭುವನ್ ಗೌಡ ಮಸಿ, ಧೂಳು, ಬೆಂಕಿಯ ಬಣ್ಣದಲ್ಲೇ ನರಾಚಿ ಎಂಬ ಕಲ್ಪನೆಯ ಗಣಿ ಕಟ್ಟಿದರು. ಇಲ್ಲಿನ ಸೈನೈಡ್ ದಿಬ್ಬದ ಮೇಲೆ ಆ ಸೆಟ್ಟು ಎದ್ದಾಗ ನಾನೂ ಕತ್ತೆತ್ತಿ ನೋಡಿದವನೇ. ನನ್ನ ಕಸುಬಿನವರ ಕೆಲಸ, ಎದೆ ಉಬ್ಬುತ್ತೆ.

ಆದರೆ ಈ ಮಣ್ಣಿನಲ್ಲಿ ಇನ್ನೊಬ್ಬ ಹೀರೋ ಹುಟ್ಟಿದ್ದಾರೆ, ಕಲ್ಪನೆಯಲ್ಲ, ಅಸಲಿ. ಹೆಸರು ಬೆಜವಾಡ ವಿಲ್ಸನ್. ಹುಟ್ಟಿದ್ದು 1966ರಲ್ಲಿ, ಇದೇ ಕೆ.ಜಿ.ಎಫ್.ನಲ್ಲಿ, ಮಲ ಬಾಚುವ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ಇಲ್ಲಿನ ಲೈನುಗಳಲ್ಲಿ ಒಣ ಕಕ್ಕಸುಗಳಿದ್ದವು. ಒಣ ಅಂದ್ರೆ ನೀರಿಲ್ಲದ್ದು. ಮನುಷ್ಯ ಕೈಯಿಂದಲೇ ಬಾಚಬೇಕು, ಬಕೆಟ್ಟಿಗೆ ತುಂಬಬೇಕು, ಹೊತ್ತು ಸುರಿಯಬೇಕು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದಕ್ಕೆ ಕರ್ನಾಟಕದಲ್ಲಿ ನಿಷೇಧ ತಂದರು. ಆದರೂ ಬಾಚೋ ಕೆಲಸ ನಿಂತಿರಲಿಲ್ಲ.

1980ರ ದಶಕದಲ್ಲಿ ಯುವಕ ವಿಲ್ಸನ್ ಎದ್ದು ನಿಂತರು. ಆಗ ಅವರಿಗೆ ನಿಮ್ಮದೇ ವಯಸ್ಸು! ಕೈಯಲ್ಲಿ 'ದೊಡ್ಡಮ್ಮ' ಮೆಷಿನ್ ಗನ್ ಇರಲಿಲ್ಲ, ಪೆನ್ನಿತ್ತು. ಅಧಿಕಾರಿಗಳಿಗೆ, ಮಂತ್ರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಒಣ ಕಕ್ಕಸುಗಳ ಫೋಟೋ ಹೊರಜಗತ್ತಿಗೆ ಮುಟ್ಟಿಸಿದರು. ಸುದ್ದಿ ಪತ್ರಿಕೆಗೆ ಬಂದ ಮೇಲೆ ಇಲ್ಲಿನ ಒಣ ಕಕ್ಕಸುಗಳು ನೀರಿನ ಕಕ್ಕಸುಗಳಾಗಿ ಬದಲಾಗತೊಡಗಿದವು. 1993ರಲ್ಲಿ ಒಣ ಪಾಯಿಖಾನೆ ಕಟ್ಟುವುದನ್ನೂ, ಮಲ ಬಾಚಿಸುವುದನ್ನೂ ನಿಷೇಧಿಸುವ ಕೇಂದ್ರ ಕಾನೂನು ಬಂತು. ವಿಲ್ಸನ್ ಮತ್ತು ಗೆಳೆಯರ ಸಫಾಯಿ ಕರ್ಮಚಾರಿ ಆಂದೋಲನ ದೇಶದಲ್ಲೆಲ್ಲ ಹಬ್ಬಿತು. ಕಾನೂನು ಕಾಗದದ ಮೇಲೇ ಉಳಿದ ಕಡೆ ಆಂದೋಲನದವರು ಒಣ ಕಕ್ಕಸುಗಳನ್ನು ಒಡೆದು ಹಾಕಿದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. 2014ರಲ್ಲಿ ಕೋರ್ಟು, 1993ರಿಂದೀಚೆಗೆ ಮಲಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ ತಲಾ ಹತ್ತು ಲಕ್ಷ ಪರಿಹಾರ ಕೊಡಬೇಕೆಂದಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ.

ಈಗ ಹೇಳಿ, 1952ರ ಕೆ.ಜಿ.ಎಫ್. ಬಚ್ಚಲಿಗೆ ಹಿಂಬಾಗಿಲು ಬೇಡ ಅಂದ್ರೆ ಹೇಗೆ? ಹಿಂಬಾಗಿಲಿಲ್ಲದೆ ಬರೀ ಸಿಂಹಪಾದದ ಟಬ್ಬು, ಬಣ್ಣದ ಗಾಜು ತೋರಿಸಿದರೆ ಆ ಕೋಣೆ ತನ್ನಷ್ಟಕ್ಕೆ ತಾನೇ ಶುಭ್ರವಾಗುತ್ತಿತ್ತು ಅಂತ ಸುಳ್ಳು ಹೇಳಿದ ಹಾಗೆ. ಆ ಸುಳ್ಳಿಗೆ ಮೊಳೆ ಹೊಡೆಯೋಕೆ ನನ್ನ ಕೈ ಬರಲಿಲ್ಲ.

ಎರಡನೇ ಬಚ್ಚಲು

ಹುಡುಗ ಹಿಂಬಾಗಿಲಿಗೆ ಒಪ್ಪಿದ್ದು ಮಾತ್ರವಲ್ಲ, ಇನ್ನೊಂದು ಸೆಟ್ಟೂ ಕೇಳಿದ! ಗಣಿ ಕಾರ್ಮಿಕನ ಬಚ್ಚಲು. ಅದಕ್ಕೆ ಎಷ್ಟು ಸಾಮಾನು ಬೇಕು? ಒಂದು ಬಿದಿರು ತಟ್ಟಿಯ ಮರೆ, ಒಂದು ಚಪ್ಪಡಿ ಕಲ್ಲು, ಒಂದು ಮಣ್ಣಿನ ಗಡಿಗೆ, ಬೀದಿ ನಲ್ಲಿಯಿಂದ ಹೊತ್ತು ತಂದ ನೀರು. ಖರ್ಚು ಲೆಕ್ಕಕ್ಕೇ ಇಲ್ಲ.

ಆದರೆ ಸ್ನಾನ ಯಾರಿಗೆ ಹೆಚ್ಚು ಬೇಕಿತ್ತು ಯೋಚನೆ ಮಾಡಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಪಾಳಿ ಮುಗಿಸಿ, ಗೇಟಿನಲ್ಲಿ ಬಂಗಾರ ಕದ್ದಿದ್ದಾನಾ ಅಂತ ಮೈ ತಡಕಿಸಿಕೊಂಡು ಮನೆಗೆ ಬಂದವನಿಗೆ ಒಂದು ಕೊಡ ನೀರು ಅಂದ್ರೆ ಸ್ವರ್ಗ. ಸಾಹೇಬರ ಟಬ್ಬಿಗೂ ಅದೇ ಬೇತಮಂಗಲದ ನೀರು, ಇವನ ಗಡಿಗೆಗೂ ಅದೇ ನೀರು. ಎರಡು ದೃಶ್ಯಕ್ಕೂ ಒಂದೇ ಸದ್ದು ಇಡಪ್ಪಾ ಅಂತ ಸೌಂಡ್ ಹುಡುಗನಿಗೆ ಹೇಳಿದೆ. ನೀರು ಸುರಿಯೋ ಸದ್ದು. ಚಿತ್ರ ಬೇರೆ, ಸದ್ದು ಒಂದೇ.

ಕನ್ನಡಿಯಲ್ಲಿ ಚಿಲಕ

ಇನ್ನು ಆ ಶಾಟ್ ಬಗ್ಗೆ ಹೇಳಲೇಬೇಕು. ಕನ್ನಡಿ ಅಂದ್ರೆ ಕ್ಯಾಮೆರಾಗೆ ಶತ್ರು, ನೇರ ನಿಂತರೆ ಕ್ಯಾಮೆರಾನೇ ಕಾಣುತ್ತೆ. ನಾವು ಕನ್ನಡಿಯ ಒಂದು ಬದಿಗೆ ಸಣ್ಣ ಮರದ ಬೆಣೆ ಕೊಟ್ಟು ತುಸು ಓರೆ ಮಾಡಿದೆವು. ಕಣ್ಣಿಗೆ ಗೊತ್ತೇ ಆಗದಷ್ಟು ಓರೆ. ಈಗ ಕ್ಯಾಮೆರಾ ಮಾಯ! ಸಾಹೇಬರ ಮುಖ ಕಾಣುತ್ತೆ, ಭುಜದ ಹಿಂದೆ ಗಿಡ್ಡ ಹಿಂಬಾಗಿಲು ಕಾಣುತ್ತೆ.

ದೃಶ್ಯ ಹೀಗೆ. ಸಾಹೇಬರು ಕೆನ್ನೆಗೆ ನೊರೆ ಹಚ್ಚಿ ಷೇವ್ ಮಾಡ್ತಿದ್ದಾರೆ. ಬಂಗಾರದ ಗಟ್ಟಿ ಎಲ್ಲಿದೆ ಅಂತ ಪ್ರೇಕ್ಷಕರಿಗೆ ಗೊತ್ತು, ಆ ಮರದ ಪೆಟ್ಟಿಗೆಯೊಳಗೆ! ಮೇಲಿನ ಗವಾಕ್ಷಿಯಿಂದ ಒಂದೇ ಒಂದು ಬಿಸಿಲ ಪಟ್ಟಿ. ನಿಶ್ಶಬ್ದ. ಕನ್ನಡಿಯಲ್ಲಿ ಚಿಲಕ ಮೆಲ್ಲಗೆ ಅಲುಗುತ್ತೆ. ಸಾಹೇಬರ ಕೈ ಅಲ್ಲೇ ನಿಲ್ಲುತ್ತೆ. ಬಾಗಿಲು ಒಂದು ಗೇಣು ತೆರೆಯುತ್ತೆ. ಆ ಹೆಂಗಸಿನ ಕೈ, ಆಮೇಲೆ ಮುಖ. ಅಷ್ಟು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾರೆ, ಅದೂ ಕನ್ನಡಿಯಲ್ಲಿ!

ಹದಿಮೂರನೇ ಟೇಕಿಗೆ ಓಕೆ ಆಯ್ತು. 'ಕಟ್' ಅಂದ ಮೇಲೂ ಷೆಡ್ಡಿನಲ್ಲಿ ಯಾರೂ ಅಲುಗಾಡಲಿಲ್ಲ. ಆ ಪಾತ್ರ ಮಾಡಿದ ಹುಡುಗಿ ಇದೇ ಲೈನ್ ಮನೆಗಳ ಕಡೆಯವಳು, ನಾಟಕದಲ್ಲಿ ಪಳಗಿದವಳು. ಮೇಕಪ್ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು. "ಅಣ್ಣ, ಸೆಟ್ಟು ಒಡೀವಾಗ ಆ ಬಾಗಿಲು ನಂಗೆ ಕೊಡ್ತೀರಾ?"

ಕೊಟ್ಟೆ. ಪ್ಲೈವುಡ್ಡಿನ ಬಾಗಿಲು, ಚಿಲಕ ಮಾತ್ರ ಅಸಲಿ. ಏನು ಮಾಡ್ತಾಳೋ ನಾನು ಕೇಳಲಿಲ್ಲ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲು ಹಿಡಿದರೆ ಆ ಊರು ನಿಮಗೂ ಸಿಗುತ್ತೆ. ಬಂಗಲೆ ಮುಂದೆ ನಿಂತು ಸೆಲ್ಫಿ ತಗೊಳ್ಳಿ, ಬೇಡ ಅನ್ನೋದಿಲ್ಲ. ಒಂದು ಸುತ್ತು ಹಿಂದಕ್ಕೂ ಹೋಗಿ ಬನ್ನಿ. ನಮ್ಮ ಕಿರುಚಿತ್ರದ ಎಡಿಟಿಂಗು ನಡೀತಾ ಇದೆ, ತೆರೆಗೆ ಬಂದಾಗ ತಪ್ಪದೇ ನೋಡಿ. ಪ್ಲಾಸ್ಟಿಕ್ ಮಗ್ಗು ಎಲ್ಲಾದರೂ ಕಂಡರೆ ಪತ್ರ ಬರೆದು ಬೈಯಿರಿ. ಹಿಂಬಾಗಿಲು ಕಂಡರೆ ಅದಕ್ಕೂ ಒಂದು ಶಿಳ್ಳೆ ಹೊಡೀರಿ!